ಸ್ವಿಟ್ಜರ್ಲೆಂಡಿಗೆ ಸ್ಕೀ ತಂದವರು ಶೆರ್ಲಾಕ್ ಹೋಮ್ಸ್ ಬರೆದ ಡಾಕ್ಟರೇ? ಕಾನನ್ ಡಾಯಲ್, ಹಿಮ ಮತ್ತು ಕ್ಷಯದ ನಿಜ ಕಥೆ

ಡಿಸೆಂಬರ್ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಹಿಮದ ಫೋಟೊಗಳು ಶುರುವಾಗುತ್ತವೆ. ಗುಲ್ಮಾರ್ಗ್, ಮನಾಲಿ, ಔಲಿ ಪ್ಯಾಕೇಜುಗಳ ಜಾಹೀರಾತು ಬರುತ್ತದೆ. ಜೊತೆಗೆ ಹಿಮದ ಬಗ್ಗೆ ನಾನಾ ಮಾತುಗಳೂ ಬರುತ್ತವೆ. ಬೆಟ್ಟದ ಗಾಳಿ ಕುಡಿದರೆ ಶ್ವಾಸಕೋಶ ಶುದ್ಧವಾಗುತ್ತದೆ, ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆ, ಎರಡು ಗುಟುಕು ರಮ್ ಹಾಕಿದರೆ ಚಳಿ ಹತ್ತಿರ ಸುಳಿಯುವುದಿಲ್ಲ, ಹೀಗೆ. ಇವುಗಳ ನಡುವೆ ಒಂದು ಸ್ವಾರಸ್ಯದ ಮಾತೂ ಓಡಾಡುತ್ತದೆ. ಸ್ವಿಟ್ಜರ್ಲೆಂಡಿಗೆ ಸ್ಕೀ ಆಟ ತಂದವರು ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಕಥೆ ಬರೆದ ಸರ್ ಆರ್ಥರ್ ಕಾನನ್ ಡಾಯಲ್ ಎಂಬುದು ಅದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಕೂತು ಓದುವವರಿಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಡಾಯಲ್ ಹಿಮದ ನಾಡಿಗೆ ಹೋದದ್ದು ಮೋಜಿಗಲ್ಲ. ಅವರ ಹೆಂಡತಿಗೆ ಕ್ಷಯ ಬಂದಿತ್ತು. ಬೆಟ್ಟದ ಗಾಳಿಯೇ ಔಷಧ ಎಂದು ನಂಬಿದ್ದ ಕಾಲ ಅದು. ಹಿಮ, ಕಾಯಿಲೆ, ಕಣ್ಣು ಮುಚ್ಚಿ ನಂಬುವ ಸುದ್ದಿ ಈ ಮೂರೂ ಒಬ್ಬರದೇ ಬದುಕಿನಲ್ಲಿ ಸಿಗುತ್ತವೆ. ಆದ್ದರಿಂದ ಆ ಬದುಕನ್ನೇ ನೋಡೋಣ.

ಚುಟುಕು ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸ್ಕೀಯನ್ನು ಸ್ವಿಟ್ಜರ್ಲೆಂಡಿಗೆ ತಂದವರು ಡಾಯಲ್ ಅಲ್ಲ. ಅದನ್ನು ಇಂಗ್ಲಿಷ್ ಓದುವ ಜನರ ನಡುವೆ ಪ್ರಸಿದ್ಧ ಮಾಡಿದವರಲ್ಲಿ ಅವರೊಬ್ಬರು.

ಮೊದಲ ಹಿಮ: ತಿಮಿಂಗಿಲ ಹಡಗಿನ ಡಾಕ್ಟರ್

ಡಾಯಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಚಾರ್ಲ್ಸ್ ಚಿತ್ರ ಬರೆಯಬಲ್ಲವರು, ಆದರೆ ಕುಡಿತಕ್ಕೆ ಬಿದ್ದವರು. ಮನೆ ನಡೆಸಿದ್ದು ತಾಯಿ ಮೇರಿ. 1876ರಲ್ಲಿ ಹುಡುಗ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದ. ಅಲ್ಲಿ ಜೋಸೆಫ್ ಬೆಲ್ ಎಂಬ ಮೇಷ್ಟ್ರಿದ್ದರು. ರೋಗಿ ಬಾಗಿಲು ದಾಟಿ ಬರುವಷ್ಟರಲ್ಲಿ ಅವರ ನಡಿಗೆ, ಕೈ, ಬಟ್ಟೆ ನೋಡಿ ಕಸುಬು ಯಾವುದು, ಎಲ್ಲಿಂದ ಬಂದವರು ಎಂದು ಹೇಳಿಬಿಡುತ್ತಿದ್ದರು. ಮುಂದೆ ಹೋಮ್ಸ್ ಪಾತ್ರಕ್ಕೆ ಇವರೇ ಮಾದರಿಯಾದರು.

ಓದು ಮುಗಿಯುವ ಮೊದಲೇ, 1880ರಲ್ಲಿ, ಡಾಯಲ್ ‘ಹೋಪ್’ ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಡಾಕ್ಟರಾಗಿ ಆರ್ಕ್ಟಿಕ್ ಸಮುದ್ರಕ್ಕೆ ಹೋದರು. ಇಪ್ಪತ್ತೊಂದನೇ ಹುಟ್ಟುಹಬ್ಬ ಕಳೆದದ್ದು ಆ ಹಡಗಿನಲ್ಲೇ. ತೇಲುವ ಮಂಜುಗಡ್ಡೆಗಳ ಮೇಲೆ ನಡೆಯಲು ಹೋಗಿ ಒಂದಲ್ಲ, ಹಲವು ಸಲ ನೀರಿಗೆ ಬಿದ್ದರು. ಬದುಕಿ ಉಳಿದದ್ದೇ ಅದೃಷ್ಟ. ನೋಡಲು ಗಟ್ಟಿ ನೆಲದ ಹಾಗೆ ಕಾಣುವ ಹಿಮ ಗಟ್ಟಿ ನೆಲವಲ್ಲ ಎಂಬ ಪಾಠ ಅವರಿಗೆ ಆಗಲೇ ಸಿಕ್ಕಿತು.

ನಮ್ಮ ಕಡೆಯವರಿಗೆ ಗೊತ್ತಿರುವ ಹಿಮವೆಂದರೆ ಆಲಿಕಲ್ಲು. ಮಾರ್ಚ್-ಏಪ್ರಿಲ್‌ನಲ್ಲಿ ಸುರಿದು ದ್ರಾಕ್ಷಿ ತೋಟ ಹಾಳು ಮಾಡುವ ಆಣೆಕಲ್ಲು. ಅದು ಬೇರೆ, ಬೆಟ್ಟದ ಹಿಮ ಬೇರೆ. ಬೇಸಿಗೆಯ ಗುಡುಗು ಮೋಡದೊಳಗೆ ನೀರಿನ ಹನಿಗಳು ಮೇಲೆ ಹೋಗಿ ಹೆಪ್ಪುಗಟ್ಟಿ, ಪದರದ ಮೇಲೆ ಪದರ ಕಟ್ಟಿಕೊಂಡು ಬೀಳುವುದು ಆಲಿಕಲ್ಲು. ಹಿಮದ ಹಳಕು ಹಾಗಲ್ಲ. ಮೋಡದಲ್ಲಿನ ನೀರಾವಿ ನೀರಾಗದೆ ನೇರವಾಗಿ ಹರಳಾಗುತ್ತದೆ. ಅದಕ್ಕೇ ಅದಕ್ಕೆ ಆರು ಮೂಲೆ, ಅದಕ್ಕೇ ಅಷ್ಟು ಹಗುರ. ಹೊಸದಾಗಿ ಬಿದ್ದ ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು ಸಿಗುತ್ತದೆ. ಉಳಿದದ್ದೆಲ್ಲ ಗಾಳಿ.

ಬರ್ಲಿನ್‌ಗೆ ಓಡಿದ ಡಾಕ್ಟರ್

1881ರಲ್ಲಿ ಪದವಿ ಪಡೆದ ಡಾಯಲ್ ಮರುವರ್ಷ ಸೌತ್‌ಸೀ ಎಂಬ ಊರಿನಲ್ಲಿ ದವಾಖಾನೆ ತೆರೆದರು. ರೋಗಿಗಳು ಕಡಿಮೆ, ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಕಥೆ ಬರೆದರು. ತಾವು ಚಿಕಿತ್ಸೆ ಕೊಡುತ್ತಿದ್ದ ಹುಡುಗನೊಬ್ಬ ಮಿದುಳು ಪೊರೆಯ ಉರಿಯೂತದಿಂದ ತೀರಿಕೊಂಡ. ಅವನ ಅಕ್ಕ ಲೂಯಿಸಾ ಹಾಕಿನ್ಸ್ ಅವರನ್ನು 1885ರಲ್ಲಿ ಮದುವೆಯಾದರು. 1887ರಲ್ಲಿ ಹೋಮ್ಸ್‌ನ ಮೊದಲ ಕಥೆ ಅಚ್ಚಾಯಿತು.

ಆ ಕಾಲದಲ್ಲಿ ಯುರೋಪಿನ ಊರೂರಿನಲ್ಲೂ ಕ್ಷಯ ಇತ್ತು. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಅದಕ್ಕೆ ಕಾರಣವಾದ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದರು. ಇಂದಿಗೂ ವಿಶ್ವ ಕ್ಷಯ ದಿನ ಅದೇ ದಿನಾಂಕ. 1890ರಲ್ಲಿ ಅದೇ ಕಾಕ್ ಕ್ಷಯಕ್ಕೆ ಮದ್ದು ಸಿಕ್ಕಿದೆ ಎಂದು ಪ್ರಕಟಿಸಿದಾಗ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಮದ್ದಿನಲ್ಲಿ ಏನಿದೆ ಎಂದು ಅವರು ಕೂಡಲೇ ಹೇಳಿರಲಿಲ್ಲ. ರೋಗಿಗಳು ಸಾಲುಗಟ್ಟಿ ಬರ್ಲಿನ್‌ಗೆ ಹೊರಟರು.

ನವೆಂಬರ್‌ನಲ್ಲಿ ಡಾಯಲ್ ಕೂಡ ಹೊರಟರು. ಮದ್ದಿನ ಪ್ರದರ್ಶನಕ್ಕೆ ಟಿಕೆಟ್ ಸಿಗಲಿಲ್ಲ. ಒಳಗೆ ಹೋಗಿದ್ದ ಅಮೆರಿಕದ ವೈದ್ಯರೊಬ್ಬರ ಟಿಪ್ಪಣಿ ಓದಿದರು, ಚುಚ್ಚುಮದ್ದು ತೆಗೆದುಕೊಂಡ ರೋಗಿಗಳನ್ನು ತಾವೇ ಹೋಗಿ ನೋಡಿದರು. ಮದ್ದು ರೋಗಾಣುವನ್ನು ಕೊಲ್ಲುತ್ತಿಲ್ಲ, ರೋಗ ತಗುಲಿದ ಅಂಗಾಂಶದ ಮೇಲೆ ಮಾತ್ರ ಪರಿಣಾಮ ಬೀರುತ್ತಿದೆ ಎಂಬ ತೀರ್ಮಾನಕ್ಕೆ ಬಂದರು. ಅವಸರಪಟ್ಟು ನಂಬಬೇಡಿ ಎಂಬ ಅರ್ಥದಲ್ಲಿ ಪತ್ರಿಕೆಗೆ ಬರೆದರು. ಆಗ ಅವರು ಸಣ್ಣ ಊರಿನ ಡಾಕ್ಟರ್, ಎದುರಿಗಿದ್ದವರು ಜಗತ್ಪ್ರಸಿದ್ಧ ವಿಜ್ಞಾನಿ.

ಸರಿಯಾಗಿದ್ದದ್ದು ಸಣ್ಣ ಊರಿನ ಡಾಕ್ಟರೇ. ಆ ಮದ್ದು ಕ್ಷಯ ವಾಸಿ ಮಾಡಲಿಲ್ಲ. ಟ್ಯೂಬರ್ಕುಲಿನ್ ಎಂಬ ಆ ದ್ರವ ಮುಂದೆ ಬೇರೊಂದು ಕೆಲಸಕ್ಕೆ ಬಂತು. ಮೈಯಲ್ಲಿ ಕ್ಷಯದ ಸೋಂಕು ಸೇರಿದೆಯೇ ಎಂದು ನೋಡಲು ಚರ್ಮಕ್ಕೆ ಹಾಕುವ ಮ್ಯಾಂಟೂ ಪರೀಕ್ಷೆ ಅದರಿಂದಲೇ ಬಂದದ್ದು.

ಕಾಯಿಲೆ ಮನೆಗೇ ಬಂದಾಗ

ಮೂರು ವರ್ಷ ಕಳೆದವು. 1893ರಲ್ಲಿ ಲೂಯಿಸಾಗೆ ಕ್ಷಯ ಎಂದು ತಿಳಿಯಿತು. ಬದುಕುವುದು ಕೆಲವೇ ತಿಂಗಳು ಎಂದು ವೈದ್ಯರು ಹೇಳಿದರು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಅದೇ ಅಕ್ಟೋಬರ್‌ನಲ್ಲಿ ಡಾಯಲ್ ಅವರ ತಂದೆಯೂ ತೀರಿಕೊಂಡರು. ಹೋಮ್ಸ್ ಜಲಪಾತಕ್ಕೆ ಬಿದ್ದು ಸತ್ತ ಕಥೆ ಅಚ್ಚಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಓದುಗರು ಲೇಖಕರ ಮೇಲೆ ಸಿಟ್ಟಾದರು. ಲೇಖಕರು ಆ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿನ ದಾವೋಸ್ ಸೇರಿದ್ದರು.

ದಾವೋಸ್ ಇರುವುದು ಸುಮಾರು 1,560 ಮೀಟರ್ ಎತ್ತರದಲ್ಲಿ. ನಮ್ಮ ವಿಜಯಪುರ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. 1860ರ ದಶಕದಲ್ಲಿ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯರು ಅಲ್ಲಿನ ಗಾಳಿ ಕ್ಷಯಕ್ಕೆ ಒಳ್ಳೆಯದು ಎಂದು ಪ್ರಚಾರ ಮಾಡಿದ ಮೇಲೆ ಆ ಹಳ್ಳಿ ರೋಗಿಗಳ ಊರಾಯಿತು. ಬಿಸಿಲಿಗೆ ಹಾಸಿಗೆ ಹಾಕಿಕೊಂಡು ಮಲಗುವುದು, ಹೊಟ್ಟೆ ತುಂಬ ಊಟ, ಪೂರ್ತಿ ವಿಶ್ರಾಂತಿ. ಚಿಕಿತ್ಸೆ ಎಂದರೆ ಅಷ್ಟೇ.

ಲೂಯಿಸಾ ಕೆಲವು ತಿಂಗಳಲ್ಲಿ ಸಾಯಲಿಲ್ಲ. ಹದಿಮೂರು ವರ್ಷ ಬದುಕಿ 1906ರ ಜುಲೈ 4ರಂದು ತೀರಿಕೊಂಡರು. ಹಾಗಾದರೆ ಬೆಟ್ಟದ ಗಾಳಿ ಕೆಲಸ ಮಾಡಿತೇ? ಒಬ್ಬರು ಬದುಕಿದ್ದನ್ನು ನೋಡಿ ಹಾಗೆ ಹೇಳಲು ಬರುವುದಿಲ್ಲ. ಕ್ಷಯ ಎಲ್ಲರಲ್ಲೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಅವರಿಗೆ ಒಳ್ಳೆಯ ಊಟ, ವಿಶ್ರಾಂತಿ, ಹಣ, ನೋಡಿಕೊಳ್ಳುವ ಡಾಕ್ಟರ್ ಗಂಡ ಎಲ್ಲ ಇತ್ತು. ಅದೇ ದಾವೋಸ್‌ನಲ್ಲಿ ಅದೇ ಗಾಳಿ ಕುಡಿದು ಸತ್ತವರೂ ಬಹಳ ಜನ. ರೋಗಾಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧ ಕಂಡುಹಿಡಿದದ್ದು 1943ರಲ್ಲಿ.

1894ರ ಮಾರ್ಚ್ 23: ಪರ್ವತ ದಾಟಿದ ಬೆಳಗು

ನಾರ್ವೆಯ ಪರಿಶೋಧಕ ಫ್ರಿಟ್ಯಾಫ್ ನಾನ್ಸೆನ್ 1888ರಲ್ಲಿ ಸ್ಕೀ ಕಟ್ಟಿಕೊಂಡು ಗ್ರೀನ್‌ಲ್ಯಾಂಡ್ ದಾಟಿದ್ದರು. ಆ ಯಾತ್ರೆಯ ವಿವರ ಡಾಯಲ್ ಓದಿದ್ದರು. ದಾವೋಸ್‌ನಲ್ಲಿ ರೋಗಿಯ ಪಕ್ಕ ಕೂತು ದಿನ ಕಳೆಯುತ್ತಿದ್ದ ಅವರು ನಾರ್ವೆಯಿಂದ ಸ್ಕೀ ತರಿಸಿದರು. ಎಂಟು ಅಡಿ ಉದ್ದ, ನಾಲ್ಕು ಇಂಚು ಅಗಲದ ಮರದ ಪಟ್ಟಿಗಳು. ಆ ಊರಿನ ತೋಬಿಯಾಸ್ ಮತ್ತು ಯೋಹಾನ್ನೆಸ್ ಬ್ರಾಂಗರ್ ಎಂಬ ಅಣ್ಣತಮ್ಮಂದಿರು ಆಗಲೇ ಸ್ಕೀ ಕಲಿತಿದ್ದರು. ಹಿಂದಿನ ವರ್ಷವೇ ಮೈಯನ್‌ಫೆಲ್ಡರ್ ಫುರ್ಕಾ ಎಂಬ ಕಣಿವೆದಾರಿಯನ್ನು ದಾಟಿ ಅರೋಸಾ ಮುಟ್ಟಿ ಬಂದಿದ್ದರು.

1894ರ ಮಾರ್ಚ್ 23ರಂದು ಮೂವರೂ ಅದೇ ದಾರಿ ಹಿಡಿದರು. ದಾರಿಯ ನೆತ್ತಿ 2,400 ಮೀಟರಿಗೂ ಎತ್ತರ. ಹೊರಟದ್ದು ನಸುಕಿನಲ್ಲಿ, ಬೆಳಕು ಹರಿಯುವ ಮೊದಲು. ಹತ್ತುವಾಗ ನೇರ ಹೋಗದೆ ಅಂಕುಡೊಂಕಾಗಿ ನಡೆದರು. ಒಂದು ಕಡಿದಾದ ಇಳಿಜಾರಿನಲ್ಲಿ ಹಿಮ ಕಲ್ಲಿನಂತಾಗಿತ್ತು, ಸ್ಕೀ ಊರಲು ಹಿಡಿತವಿರಲಿಲ್ಲ. ಆಚೆ ಬದಿಯ ಮೃದು ಹಿಮದಲ್ಲಿ ಸಲೀಸಾಗಿ ಜಾರಿದರು. ಕೊನೆಗೆ ತೀರ ಕಡಿದಾದ ಜಾಗ ಬಂದಾಗ ಬ್ರಾಂಗರ್ ಸಹೋದರರು ಸ್ಕೀಗಳನ್ನು ಜೋಡಿಸಿ ಕಟ್ಟಿ ಅದರ ಮೇಲೆ ಕೂತು ಇಳಿದರು. ಡಾಯಲ್ ಅವರ ಸ್ಕೀ ಕೈತಪ್ಪಿ ಹೋಯಿತು. ಆರಡಿ ಮೀರಿದ ದಪ್ಪ ಮೈಯ ಆಸಾಮಿ ಪ್ಯಾಂಟಿನ ಮೇಲೇ ಜಾರಿಕೊಂಡು ಕೆಳಗೆ ಬಂದರು. ಗಟ್ಟಿ ಬಟ್ಟೆ ಎಂದು ದರ್ಜಿ ಕೊಟ್ಟ ಭರವಸೆಯನ್ನು ಅವರು ಮುಂದೆ ತಮಾಷೆಯಾಗಿ ನೆನೆದಿದ್ದಾರೆ. ಅರೋಸಾದ ಹೋಟೆಲಿನ ರಿಜಿಸ್ಟರಿನಲ್ಲಿ ತೋಬಿಯಾಸ್ ಅವರ ಹೆಸರಿನ ಮುಂದೆ ವೃತ್ತಿ ಕ್ರೀಡಾಪಟು ಎಂದು ಬರೆದಾಗ ಡಾಯಲ್ ಹಿಗ್ಗಿದರು.

ಈ ಪ್ರಯಾಣದ ಲೇಖನ ಅದೇ ವರ್ಷ ಡಿಸೆಂಬರ್‌ನಲ್ಲಿ ಲಂಡನ್ನಿನ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಬಂತು. ಮುಂದೊಂದು ದಿನ ನೂರಾರು ಇಂಗ್ಲಿಷರು ಸ್ಕೀ ಆಡಲೆಂದೇ ಸ್ವಿಟ್ಜರ್ಲೆಂಡಿಗೆ ಬರುತ್ತಾರೆ ಎಂದು ಅವರು ಅದರಲ್ಲಿ ಭವಿಷ್ಯ ನುಡಿದರು. ನೂರಾರಲ್ಲ, ಲಕ್ಷಾಂತರ ಜನ ಬಂದರು.

ತಪ್ಪು ಸುದ್ದಿ ಹುಟ್ಟಿದ್ದು ಇಲ್ಲಿಂದ. ಲೇಖನ ಓದಿದವರಿಗೆ ಡಾಯಲ್ ಗೊತ್ತು, ಬ್ರಾಂಗರ್ ಗೊತ್ತಿಲ್ಲ. 1924ರ ಆತ್ಮಕಥೆಯಲ್ಲಿ ಡಾಯಲ್ ಕೂಡ ಆ ಪ್ರಾಂತಕ್ಕೆ ಸ್ಕೀ ಪರಿಚಯಿಸಿದ್ದು, ಕಡೇಪಕ್ಷ ಕಣಿವೆಯಿಂದ ಕಣಿವೆಗೆ ದಾಟಲು ಅದು ಉಪಯುಕ್ತ ಎಂದು ತೋರಿಸಿಕೊಟ್ಟದ್ದು ತಾನು ಎಂಬ ಅರ್ಥದ ಮಾತು ಬರೆದರು. ಆದರೆ ನಾರ್ವೆ, ಸ್ವೀಡನ್ ಕಡೆ ಸ್ಕೀ ಸಾವಿರಾರು ವರ್ಷ ಹಳೆಯದು. ಆ ದಾರಿಯನ್ನು ಅವರಿಗಿಂತ ಮೊದಲು ದಾಟಿದವರು ಅವರ ಪಕ್ಕದಲ್ಲೇ ಇದ್ದರು. ಹೆಸರುವಾಸಿಯಾದವರ ತಲೆಗೆ ಎಲ್ಲ ಕೀರ್ತಿ ಕಟ್ಟುವುದು ಫಾರ್ವರ್ಡುಗಳ ಹಳೆಯ ಚಾಳಿ.

ನಸುಕಿನಲ್ಲೇ ಯಾಕೆ ಹೊರಡಬೇಕು?

ಆ ಒಂದು ಬೆಳಗಿನಲ್ಲಿ ಡಾಯಲ್ ಎರಡು-ಮೂರು ಬಗೆಯ ಹಿಮ ದಾಟಿದರು. ಇಂದು ಗುಲ್ಮಾರ್ಗ್‌ಗೆ ಹೋಗುವವರಿಗೂ ಇದೇ ಎದುರಾಗುತ್ತದೆ.

ಮುಂಗಾರಿನಲ್ಲಿ ನಮ್ಮ ಎರೆ ಹೊಲದಲ್ಲಿ ಕಾಲಿಟ್ಟು ನೋಡಿ. ಮೊಣಕಾಲವರೆಗೆ ಹೂತುಹೋಗುತ್ತದೆ. ಅದೇ ಕೆಸರಿನ ಮೇಲೆ ಅಗಲ ಹಲಗೆ ಹಾಕಿ ನಿಂತರೆ ಹೂಳುವುದಿಲ್ಲ. ಸ್ಕೀ ಕೂಡ ಇಷ್ಟೇ. ನಮ್ಮ ಎರಡು ಪಾದಗಳ ಅಡಿಭಾಗ ಸುಮಾರು 400 ಚದರ ಸೆಂಟಿಮೀಟರ್. ಡಾಯಲ್ ಕಟ್ಟಿಕೊಂಡ ಎರಡು ಸ್ಕೀಗಳದ್ದು ಸುಮಾರು 4,900. ಅಂದರೆ ಹಿಮದ ಮೇಲೆ ಬೀಳುವ ಒತ್ತಡ ಹನ್ನೆರಡು ಪಟ್ಟು ಕಡಿಮೆ. ಒತ್ತಡದಿಂದ ಹಿಮ ಕರಗಿ ಸ್ಕೀ ಜಾರುತ್ತದೆ ಎಂದು ಹೇಳುವವರಿದ್ದಾರೆ. ಇಷ್ಟು ಕಡಿಮೆ ಒತ್ತಡಕ್ಕೆ ಹಿಮ ಕರಗುವುದಿಲ್ಲ. ಮಂಜುಗಡ್ಡೆಯ ಮೇಲ್ಮೈಯ ತೆಳುಪದರ ಸಹಜವಾಗಿಯೇ ಸಡಿಲವಾಗಿರುತ್ತದೆ, ಉಜ್ಜುವಾಗ ಹುಟ್ಟುವ ಬಿಸಿಯೂ ಸೇರಿ ಅದು ನುಣುಪಾಗುತ್ತದೆ.

ಹಿಮದ ಬಗೆಗಳನ್ನು ಹೀಗೆ ಗುರುತಿಸಿ:

ಪುಡಿ ಹಿಮ: ಆಗಷ್ಟೇ ಬಿದ್ದದ್ದು, ಒಣಗಿದ್ದು, ಹಿಟ್ಟಿನ ಹಾಗೆ ಹಾರುವುದು. ಬಿದ್ದರೆ ನೋವಿಲ್ಲ. ಆದರೆ ಆಳಕ್ಕೆ ಹೂತರೆ ಎದ್ದು ಬರುವುದು ಕಷ್ಟ.

ಹಕ್ಕಳೆ ಹಿಮ: ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ್ದು. ಗಾಯದ ಹಕ್ಕಳೆಯಂತೆ ಮೇಲೆ ಗಟ್ಟಿ, ಒಳಗೆ ಮೆತ್ತಗೆ. ನಸುಕಿನಲ್ಲಿ ಭಾರ ತಡೆಯುತ್ತದೆ, ಬಿಸಿಲೇರಿದಂತೆ ಒಡೆಯುತ್ತದೆ. ಮಾರ್ಚ್‌ನಲ್ಲಿ ಪರ್ವತ ದಾಟುವವರು ಕತ್ತಲಲ್ಲೇ ಹೊರಡುವುದು ಇದಕ್ಕೇ.

ಕೆಸರು ಹಿಮ: ಬೇಸಿಗೆ ಮಧ್ಯಾಹ್ನದ ನೀರು ತುಂಬಿದ ಹಿಮ. ಸ್ಕೀ ಅಂಟುತ್ತದೆ, ಮೊಣಕಾಲು ತಿರುಚುತ್ತದೆ, ಬೂಟು ಒದ್ದೆಯಾಗುತ್ತದೆ.

ಕನ್ನಡಿ ಹಿಮ: ಜನ ತುಳಿದು ತುಳಿದು ಐಸ್ ಆದದ್ದು. ಪ್ರವಾಸಿಗರ ಕೈ, ಸೊಂಟ ಮುರಿಯುವುದು ಹೆಚ್ಚಾಗಿ ಇಂಥ ಕಡೆಯೇ. ಸ್ಕೀ ಆಡದೆ ಬರೀ ಫೋಟೊಕ್ಕೆ ನಿಂತವರೂ ಬೀಳುತ್ತಾರೆ.

ಗಾಳಿ ಕೂಡಿಹಾಕಿದ ಹಿಮ: ಗುಡ್ಡದ ಒಂದು ಬದಿಗೆ ಗಾಳಿ ತಂದು ಒಟ್ಟಿದ ಹಾಸು. ಕೆಳಗಿನ ಪದರಕ್ಕೆ ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ. ಇದೇ ಅಪಾಯಕಾರಿ.

ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಹಿಮ ಕುಸಿಯುವುದಕ್ಕೂ ಹಿಮಪಾತ ಎಂದೇ ಬರೆಯುವುದುಂಟು. ಬೀಳುವುದು ನೋಡಲು ಚೆಂದ, ಕುಸಿಯುವುದು ಜೀವ ತೆಗೆಯುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಕೂಗಿದರೆ ಕುಸಿಯುತ್ತದೆ ಎಂಬುದು ಸಿನಿಮಾ ಕಥೆ, ದನಿಗೆ ಅಷ್ಟು ಬಲವಿಲ್ಲ. ಕುಸಿತಕ್ಕೆ ಸಿಕ್ಕಿ ಸಾಯುವ ಸ್ಕೀಗಾರರಲ್ಲಿ ಬಹುತೇಕರು ಅದನ್ನು ಎಬ್ಬಿಸಿದ್ದು ತಮ್ಮ ಅಥವಾ ಜೊತೆಯವರ ಭಾರದಿಂದ. ಹಗ್ಗ ಕಟ್ಟಿ ಮುಚ್ಚಿದ ಜಾಗಕ್ಕೆ ರೀಲ್ಸ್ ಮಾಡಲು ಹೋಗಬೇಡಿ ಎನ್ನುವುದು ಇದಕ್ಕಾಗಿ.

ನಮ್ಮ ಊರಿನಿಂದ ಹೊರಡುವವರಿಗೆ

ಹಿಮದ ಆಟ ದಕ್ಷಿಣದವರಿಗಲ್ಲ ಎಂದೇನಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಶುರುವಾದದ್ದು 1927ರಲ್ಲಿ, ಡಾಯಲ್ ಇನ್ನೂ ಬದುಕಿದ್ದಾಗ.

ತೊಡಕು ಇರುವುದು ರಜೆಯಲ್ಲಿ. ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್-ಮೇ ಮತ್ತು ದಸರಾಕ್ಕೆ. ಗುಲ್ಮಾರ್ಗ್, ಔಲಿಯಲ್ಲಿ ಒಳ್ಳೆಯ ಹಿಮ ಸಿಗುವುದು ಜನವರಿ-ಫೆಬ್ರುವರಿಯಲ್ಲಿ. ಮೇ ತಿಂಗಳಲ್ಲಿ ಇಂಡಿ ರೋಡ್ ಅಥವಾ ಬಸವನ ಬಾಗೇವಾಡಿ ರೋಡ್ ಸ್ಟೇಷನ್‌ನಲ್ಲಿ ರೈಲು ಹತ್ತಿದವರಿಗೆ ಹಿಮ ಸಿಗುವುದು ರೋಹ್ತಾಂಗ್‌ನಂಥ ಎತ್ತರದಲ್ಲಿ ಅಥವಾ ಗುಲ್ಮಾರ್ಗ್ ಕೇಬಲ್ ಕಾರಿನ ಎರಡನೇ ಹಂತದಲ್ಲಿ ಮಾತ್ರ. ಅದೂ ಬೆಳಗಿನ ಹೊತ್ತು ಚೆನ್ನ, ಮಧ್ಯಾಹ್ನ ಕೆಸರು.

ಜನವರಿಗೆ ಹೋದರೂ ಖಾತ್ರಿಯಿಲ್ಲ. ಅಲ್ಲಿ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಬರುವ ಚಂಡಮಾರುತದಂಥ ವ್ಯವಸ್ಥೆಗಳು. ಅವು ಬಾರದಿದ್ದರೆ ಚಳಿಯಿದ್ದರೂ ಹಿಮವಿಲ್ಲ. 2024ರ ಜನವರಿಯ ಹಲವು ವಾರ ಗುಲ್ಮಾರ್ಗ್ ಬೋಳಾಗಿತ್ತು. 2025ರ ಫೆಬ್ರುವರಿಯಲ್ಲಿ ಹಿಮ ಸಾಲದೆ ಕ್ರೀಡಾಕೂಟವನ್ನೇ ಮುಂದೂಡಿದರು. ಹಿಮ ಖಾತ್ರಿ ಎಂದು ಬರೆದ ಪ್ಯಾಕೇಜಿಗೆ ಮುಂಗಡ ಕಟ್ಟುವ ಮೊದಲು ಹಣ ವಾಪಸಿನ ಷರತ್ತು ಓದಿ. ಹೊರಡುವ ವಾರ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಗ್ರೂಪಿಗೆ ಬಂದ ವಿಡಿಯೊ ಯಾವ ವರ್ಷದ್ದೆಂದು ಕೇಳಿ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಕೇಬಲ್ ಕಾರಿನ ಮೇಲಿನ ತುದಿ 3,900 ಮೀಟರ್ ಮೀರುತ್ತದೆ. 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ಸುಸ್ತು ಬರುತ್ತದೆ. ಬಂದರೆ ಇನ್ನೂ ಮೇಲೆ ಹತ್ತಬೇಡಿ. ಹೆಚ್ಚಾದರೆ ಕೆಳಗೆ ಇಳಿಯುವುದೇ ಮದ್ದು. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಚಳಿಯಲ್ಲಿ ಬಿಸಿಲು ತಾಗುವುದಿಲ್ಲ ಎಂಬುದೂ ಸುಳ್ಳು. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ 80ರವರೆಗೆ ಮೇಲಕ್ಕೆ ಚಿಮ್ಮಿಸುತ್ತದೆ. ಕಣ್ಣು ಕೆಂಪಾಗಿ, ಮರಳು ಬಿದ್ದಂತೆ ಉರಿದು, ಕೆಲಹೊತ್ತು ನೋಟವೇ ಮಂಜಾಗಬಹುದು. ಮಕ್ಕಳಿಗೂ ಒಳ್ಳೆಯ ಕಪ್ಪು ಕನ್ನಡಕ ಹಾಕಿಸಿ. ರಮ್ ಬಿಸಿ ಮಾಡುವುದಿಲ್ಲ. ಅದು ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಅದಕ್ಕೆ ಬಿಸಿ ಎನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತದೆ.

ಯುದ್ಧ, ಲಸಿಕೆ ಮತ್ತು ಒಬ್ಬ ವಕೀಲನ ಕಣ್ಣು

ಡಾಯಲ್ ದಾವೋಸ್‌ನಲ್ಲಿ ನಿಲ್ಲಲಿಲ್ಲ. ಹೆಂಡತಿಯ ಆರೋಗ್ಯಕ್ಕೆಂದು ಈಜಿಪ್ಟಿಗೆ ಕರೆದುಕೊಂಡು ಹೋದರು, ಇಂಗ್ಲೆಂಡಿನ ಹೈಂಡ್‌ಹೆಡ್‌ನಲ್ಲಿ ಮನೆ ಕಟ್ಟಿಸಿದರು. 1900ರಲ್ಲಿ ದಕ್ಷಿಣ ಆಫ್ರಿಕದ ಬೋವರ್ ಯುದ್ಧಕ್ಕೆ ಸ್ವಯಂಸೇವಕ ಡಾಕ್ಟರಾಗಿ ಹೋದರು. ಬ್ಲೂಮ್‌ಫಾಂಟೇನ್ ಆಸ್ಪತ್ರೆಯಲ್ಲಿ ಗುಂಡೇಟು ತಿಂದವರಿಗಿಂತ ವಿಷಮಶೀತ ಜ್ವರದ ಸೈನಿಕರೇ ತುಂಬಿದ್ದರು. ಟೈಫಾಯ್ಡ್ ಲಸಿಕೆ ಆಗ ಹೊಸದು. ಹಾಕಿಸಿಕೊಳ್ಳುವುದು ಸೈನಿಕರ ಇಷ್ಟಕ್ಕೆ ಬಿಟ್ಟದ್ದು, ಬಹಳ ಜನ ಹೆದರಿ ಹಾಕಿಸಿಕೊಂಡಿರಲಿಲ್ಲ. ಲಸಿಕೆ ಕಡ್ಡಾಯವಾಗಬೇಕಿತ್ತು ಎಂದು ಡಾಯಲ್ ಗಟ್ಟಿಯಾಗಿ ವಾದಿಸಿದರು.

1907ರಲ್ಲಿ ಜಾರ್ಜ್ ಎಡಲ್ಜಿ ಎಂಬ ವಕೀಲನ ಪರ ನಿಂತರು. ಎಡಲ್ಜಿಯ ತಂದೆ ಮುಂಬಯಿಯ ಪಾರ್ಸಿ ಮೂಲದವರು, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಪಾದ್ರಿ. ರಾತ್ರಿ ಹೊಲದಲ್ಲಿ ಕುದುರೆಯನ್ನು ಕೊಯ್ದ ಆರೋಪದ ಮೇಲೆ 1903ರಲ್ಲಿ ಮಗನಿಗೆ ಏಳು ವರ್ಷ ಶಿಕ್ಷೆಯಾಗಿ, ಮೂರು ವರ್ಷ ಜೈಲಿನಲ್ಲಿದ್ದು ಬಂದಿದ್ದ. ಡಾಯಲ್ ಮೊದಲ ಸಲ ಕಂಡಾಗ ಅವನು ಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿದು ಓದುತ್ತಿದ್ದ. ಕಣ್ಣಿನ ವೈದ್ಯ ಕಲಿತಿದ್ದ ಡಾಯಲ್‌ಗೆ ಅಷ್ಟು ಸಾಕಾಯಿತು. ಇಷ್ಟು ಮಂದದೃಷ್ಟಿಯವನು ಕತ್ತಲಲ್ಲಿ ಹೊಲ ದಾಟಿ ಹೋಗಿ ಆ ಕೆಲಸ ಮಾಡಲಾರ ಎಂದು ಪತ್ರಿಕೆಗಳಲ್ಲಿ ಬರೆದರು. ಅದೇ ವರ್ಷ ಸರಕಾರ ಎಡಲ್ಜಿಗೆ ಕ್ಷಮಾದಾನ ಕೊಟ್ಟಿತು, ಪರಿಹಾರ ಕೊಡಲಿಲ್ಲ.

ಕಾಗದದ ಯಕ್ಷಿಣಿಯರು

ಇಷ್ಟು ಚುರುಕು ಕಣ್ಣಿನ ಮನುಷ್ಯ ಕೊನೆಗೆ ಎರಡು ಮಕ್ಕಳ ತಮಾಷೆಗೆ ಸೋತರು. ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ 1917ರಲ್ಲಿ ಎಲ್ಸಿ ಮತ್ತು ಫ್ರಾನ್ಸೆಸ್ ಎಂಬ ಹುಡುಗಿಯರು ರೆಕ್ಕೆಯ ಯಕ್ಷಿಣಿಯರೊಡನೆ ತೆಗೆದ ಫೋಟೊ ತೋರಿಸಿದರು. 1920ರ ಡಿಸೆಂಬರ್‌ನಲ್ಲಿ ಡಾಯಲ್ ಅವನ್ನು ‘ಸ್ಟ್ರಾಂಡ್’ನಲ್ಲಿ ನಿಜವೆಂದು ಪ್ರಕಟಿಸಿದರು. 1922ರಲ್ಲಿ ಪುಸ್ತಕವನ್ನೇ ಬರೆದರು. 1983ರಲ್ಲಿ, ಮುದುಕಿಯರಾದ ಮೇಲೆ, ಅವು ಪುಸ್ತಕದ ಚಿತ್ರ ನೋಡಿ ಬರೆದು ಕತ್ತರಿಸಿ ನಿಲ್ಲಿಸಿದ ಕಾಗದದ ಬೊಂಬೆಗಳು ಎಂದು ಅವರು ಒಪ್ಪಿಕೊಂಡರು.

ಮಗ ಸತ್ತ ದುಃಖದಲ್ಲಿ ಡಾಯಲ್ ಇದನ್ನೆಲ್ಲ ನಂಬಿದರು ಎಂದು ಹೇಳುವುದುಂಟು. ಮಗ ಕಿಂಗ್ಸ್‌ಲಿ ತೀರಿಕೊಂಡದ್ದು 1918ರಲ್ಲಿ, ಇನ್‌ಫ್ಲುಯೆಂಜಾ ಕಾಲದಲ್ಲಿ. ಆದರೆ ಆತ್ಮಗಳೊಡನೆ ಮಾತಾಡಬಹುದು ಎಂಬ ನಂಬಿಕೆಯನ್ನು ಡಾಯಲ್ 1916ರಲ್ಲೇ ಬಹಿರಂಗವಾಗಿ ಹೇಳಿದ್ದರು. ಸಾವು ನಂಬಿಕೆಯನ್ನು ಗಟ್ಟಿ ಮಾಡಿರಬಹುದು, ಹುಟ್ಟಿಸಲಿಲ್ಲ.

ಬರ್ಲಿನ್‌ನಲ್ಲಿ ಅವರು ರೋಗಿಯ ಹಾಸಿಗೆಯ ಬಳಿ ಹೋಗಿ ನೋಡಿದ್ದರು. ಕಾಟಿಂಗ್ಲಿಯಲ್ಲಿ ಫೋಟೊ ನೋಡಿದರು, ಬೇರೆಯವರ ಮಾತು ಕೇಳಿದರು, ತಮ್ಮ ನಂಬಿಕೆಗೆ ಹೊಂದಿದ್ದರಿಂದ ಒಪ್ಪಿದರು. ಓದಿದವರು, ಬುದ್ಧಿವಂತರು ಸುಳ್ಳು ಸುದ್ದಿ ಹಂಚುವುದಿಲ್ಲ ಎಂದುಕೊಂಡವರು ಇದನ್ನು ನೆನಪಿಡಬೇಕು. 1930ರ ಜುಲೈ 7ರಂದು, 71ನೇ ವಯಸ್ಸಿನಲ್ಲಿ, ಡಾಯಲ್ ತೀರಿಕೊಂಡರು. ಯಕ್ಷಿಣಿಯರನ್ನು ಕೊನೆಯವರೆಗೂ ನಂಬಿದ್ದರು.

ಇವತ್ತಿಗೆ ಯಾಕೆ ಬೇಕು?

ಕ್ಷಯಕ್ಕೆ ಬೆಟ್ಟದ ಗಾಳಿ ಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನವೊಂದರಲ್ಲಿ ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ ಇಟ್ಟು, ಉಳಿದವರನ್ನು ಅವರ ಇಕ್ಕಟ್ಟಾದ ಬಡ ಮನೆಗಳಲ್ಲೇ ಬಿಟ್ಟು, ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚೂಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾಗಿದ್ದರು. ಮನೆಮಂದಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. ಗುಣ ಮಾಡಿದ್ದು ಮಾತ್ರೆ, ಗಾಳಿಯಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಊರಿನ ಸಾಮಾನ್ಯ ಆಸ್ಪತ್ರೆಯಲ್ಲೇ ಕ್ಷಯಕ್ಕೆ ಚಿಕಿತ್ಸೆ ಕೊಡುವ ದೇಶದ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲಿ.

ಆದ್ದರಿಂದ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದವರಿಗೆ ಹವೆ ಬದಲಾಯಿಸಿ, ಈ ಕಷಾಯ ಕುಡಿಯಿರಿ ಎಂಬ ಸಂದೇಶ ಕಳಿಸಬೇಡಿ. ಹತ್ತಿರದ ಸರಕಾರಿ ಆಸ್ಪತ್ರೆಗೆ ಕಳಿಸಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಾಲೂಕು ಆಸ್ಪತ್ರೆಗಳಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕಫದ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ತಪ್ಪದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ ರೋಗಾಣು ಮಾತ್ರೆಗೆ ಬಗ್ಗದಂತಾಗುತ್ತದೆ. ಲೂಯಿಸಾಗೆ ಆ ಮಾತ್ರೆ ಸಿಗಲಿಲ್ಲ, ಅವರ ಕಾಲದಲ್ಲಿ ಅದು ಇರಲೇ ಇಲ್ಲ. ನಮ್ಮ ಓಣಿಯಲ್ಲಿ ಕೆಮ್ಮುತ್ತಿರುವವರಿಗೆ ಅದು ಇದೆ, ಈ ಮಾತು ಅವರಿಗೆ ಮುಟ್ಟಿಸಿ.